ಮನೆ ತುಂಬಿತು, ಜಗಲಿ ಬರಿದಾಯಿತು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಸಾರ್, ಭೋಗಜೀವನ ಮತ್ತು ಒಂಟಿತನದ ಬಗ್ಗೆ ಅರ್ಧ ಗಂಟೆ ಮಾತಾಡಬೇಕು" ಎಂದಾಗ ನನಗೆ ನಗು ಬಂತು. ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದವನು. ಅದರಲ್ಲಿ ಹೆಚ್ಚಿನ ಕಾಲ ಸಾಲದ ವಿಭಾಗದಲ್ಲಿ. ಟಿ.ವಿ.ಗೆ, ಬೈಕಿಗೆ, ಕಾರಿಗೆ, ಮನೆಗೆ ಸಾಲ ಮಂಜೂರು ಮಾಡಿ ಸಂಬಳ ತೆಗೆದುಕೊಂಡವನು ಇಲ್ಲಿ ನಿಂತು ವಸ್ತುಗಳ ಮೋಹ ಬಿಡಿ ಎಂದರೆ ನೀವು ಕೇಳುತ್ತೀರಾ? ಹಾಗಾಗಿ ಉಪದೇಶ ಮಾಡಲು ನಾನು ಬಂದಿಲ್ಲ. ಸಾಲದ ಅರ್ಜಿಯ ಈಚೆ ಬದಿಯಲ್ಲಿ ಕೂತು ಕಂಡದ್ದು, ಊರಿಗೆ ಬಂದು ಹೋಗುವಾಗ ಕಂಡದ್ದು, ನಿವೃತ್ತಿಯಾದ ಮೇಲೆ ಓದಿದ್ದು, ಇಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ನಾನು ಈ ಶಾಲೆಯ ಮೊದಲ ತಂಡದವನು. 1975ರಲ್ಲಿ ಎಂಟನೇ ತರಗತಿಗೆ ಸೇರಿದಾಗ ಇದ್ದದ್ದು ಹೆಂಚಿನ ಎರಡು ಕೋಣೆ. ಒಂದು ಪಠ್ಯಪುಸ್ತಕಕ್ಕೆ ಮೂರು ಜನ. ಇಡೀ ಬೆಂಚಿಗೆ ಒಂದು ಜಾಮಿಟ್ರಿ ಬಾಕ್ಸ್. ವೃತ್ತ ಬರೆಯಬೇಕಾದರೆ ಪಕ್ಕದವನು ಬರೆದು ಮುಗಿಸುವವರೆಗೆ ಕಾಯಬೇಕು, ಕಾಯುವಾಗ ಮಾತು, ಮಾತಿಗೆ ಮೇಷ್ಟ್ರಿಂದ ಏಟು. ಇದನ್ನು ಸುಖದ ಕಾಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪರೀಕ್ಷೆಯ ದಿನ ಕೈವಾರವಿಲ್ಲದೆ ಬಳೆ ಇಟ್ಟು ವೃತ್ತ ಗೀಚಿದವರೂ ನಮ್ಮಲ್ಲಿದ್ದರು. ಆದರೆ ಒಂದು ಮಾತು ನಿಜ. ಒಬ್ಬರಿಗೊಬ್ಬರು ಬೇಕಾಗಿದ್ದೆವು. ಇಷ್ಟವಿದ್ದರೂ ಬೇಕು, ಜಗಳವಾಡಿದ್ದರೂ ಬೇಕು.

ಊರಲ್ಲೂ ಹಾಗೇ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಎಂದು ನಮ್ಮ ಗಾದೆ. ಹೊಸದಾಗಿ ಮದುವೆಯಾಗಿ ಬಂದ ಸೊಸೆಗೆ ಊರಿನ ಪರಿಚಯವಾಗುತ್ತಿದ್ದದ್ದು ಬಾವಿಕಟ್ಟೆಯಲ್ಲಿ. ಯಾರ ಮನೆಯಲ್ಲಿ ಕಷ್ಟವಿದೆ, ಯಾರ ಹಸು ಗಬ್ಬವಾಗಿದೆ, ಯಾರ ಮಗಳು ತವರಿಗೆ ಬಂದು ತಿಂಗಳಾಯಿತು, ಎಲ್ಲ ಸುದ್ದಿ ಅಲ್ಲೇ. ನಾಟಿಗೆ, ಕಟಾವಿಗೆ ಮುಯ್ಯಾಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಾನು ಬಿ.ಕಾಂ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿಕೊಂಡು ಊರಲ್ಲೇ ಇದ್ದೆ. ನಮ್ಮ ಬೀದಿಗೆ ಇದ್ದದ್ದು ಒಂದೇ ಟಿ.ವಿ. ಭಾನುವಾರ ಬೆಳಿಗ್ಗೆ ಆ ಮನೆಯ ಪಡಸಾಲೆ, ಜಗಲಿ, ಕಿಟಕಿ ಎಲ್ಲ ತುಂಬುತ್ತಿತ್ತು. ಹಿಂದಿ ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಕತೆ ಗೊತ್ತಿತ್ತಲ್ಲ, ಅಷ್ಟು ಸಾಕಿತ್ತು. ಆ ಮನೆಯ ಯಜಮಾನಿಯ ಪಾಡು ಮಾತ್ರ ದೇವರಿಗೇ ಪ್ರೀತಿ. ಜನ ಎದ್ದು ಹೋದ ಮೇಲೆ ಮನೆ ಗುಡಿಸುವವಳು ಅವಳೊಬ್ಬಳೇ ತಾನೆ!

ಐದಾರು ವರ್ಷದಲ್ಲಿ ಮನೆಗೊಂದು ಟಿ.ವಿ. ಬಂತು. ಆಮೇಲೆ ಮನೆಗೊಂದು ನಲ್ಲಿ, ಬೋರು, ಫೋನು, ಬೈಕು. ಈಗ ಕೈಗೊಂದು ಪರದೆ. ಒಂದೊಂದು ವಸ್ತು ಬಂದಾಗಲೂ ಪಕ್ಕದ ಮನೆಗೆ ಹೋಗಬೇಕಾದ ಒಂದೊಂದು ಕಾರಣ ಕಡಿಮೆಯಾಯಿತು. ಯಾರೂ ಸಂಬಂಧ ಬೇಡ ಎಂದು ತೀರ್ಮಾನ ಮಾಡಲಿಲ್ಲ. ಕಾರಣಗಳು ಮುಗಿದು ಹೋದವು, ಅಷ್ಟೇ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಹಿಂದೆ ಎಲ್ಲ ಚೆನ್ನಾಗಿತ್ತು ಎನ್ನುವ ಅಭಿಪ್ರಾಯಕ್ಕೆ ನಾನು ಸಹಿ ಹಾಕುವುದಿಲ್ಲ. ಆ ಬಾವಿಕಟ್ಟೆ ಎಲ್ಲರದ್ದೂ ಆಗಿರಲಿಲ್ಲ ಎನ್ನುವುದು ಈ ಸಭೆಯ ಹಿರಿಯರಿಗೆಲ್ಲ ಗೊತ್ತು. ನನ್ನ ಸಹಪಾಠಿಗಳಲ್ಲೇ ಕೆಲವರ ತಾಯಂದಿರು ಬಿಂದಿಗೆಯನ್ನು ದೂರದಲ್ಲಿಟ್ಟು, ಯಾರಾದರೂ ನೀರು ಹೊಯ್ದಾರು ಎಂದು ಬಿಸಿಲಲ್ಲಿ ಕಾಯುತ್ತಿದ್ದರು. ಅವರ ಕೇರಿಗೆ ನಲ್ಲಿ ಬಂದ ದಿನ ಅವರಿಗೆ ಹಬ್ಬ. ಗ್ಯಾಸ್ ಒಲೆ, ಮಿಕ್ಸಿ ಬಂದು ನಮ್ಮ ಅವ್ವಂದಿರ ಕಣ್ಣು, ಸೊಂಟ ಉಳಿದವು. ಒನಕೆ, ಒಳಕಲ್ಲು ಹೋಯಿತಲ್ಲ ಎಂದು ಕೊರಗುವವರು ಹೆಚ್ಚಾಗಿ ಗಂಡಸರೇ ಎನ್ನುವುದನ್ನು ಗಮನಿಸಿದ್ದೇನೆ. ಇನ್ನೊಬ್ಬರ ಬಾಗಿಲಲ್ಲಿ ಕೈಚಾಚಿ ನಿಲ್ಲುವುದನ್ನು ತಪ್ಪಿಸಿದ ವಸ್ತುವನ್ನು ನಾನು ಬೈಯುವುದಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ? ಬ್ಯಾಂಕಿನಲ್ಲಿ ಕೂತವನಿಗೆ ಎರಡು ಥರದ ಅರ್ಜಿಗಳು ಕಾಣುತ್ತವೆ. ಎಮ್ಮೆಗೆ, ಪಂಪ್‌ಸೆಟ್ಟಿಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೇಳುವವರು ಆ ವಸ್ತುವಿನ ಬಗ್ಗೆ ಮಾತಾಡುತ್ತಾರೆ. ಎಷ್ಟು ಹಾಲು, ಎಷ್ಟು ಎಕರೆ, ದಿನಕ್ಕೆ ಎಷ್ಟು ರವಿಕೆ. ಇನ್ನೊಂದು ಥರದವರು ಪಕ್ಕದ ಮನೆಯವರ ಬಗ್ಗೆ ಮಾತಾಡುತ್ತಾರೆ. ನಾನು ಕೆಲಸ ಮಾಡಿದ ಒಂದು ಶಾಖೆಗೆ ಇಬ್ಬರು ಅಣ್ಣತಮ್ಮಂದಿರು ಗ್ರಾಹಕರಾಗಿದ್ದರು. ಊರು, ಹೆಸರು ಬೇಡ. ಗೋಡೆಗೆ ಗೋಡೆ ತಾಗಿದ ಮನೆಗಳು. ತಮ್ಮ ಒಂದು ಕಾರು ತೆಗೆದುಕೊಂಡ. ಎರಡು ತಿಂಗಳಿಗೆ ಅಣ್ಣ ಬಂದ. ಯಾವ ಕಾರು ಎಂದು ಕೇಳಿದರೆ, "ಅವನದಕ್ಕಿಂತ ಒಂದ್ ಅಳತೆ ದೊಡ್ದು ಇರ್ಬೇಕು ಸಾರ್" ಎಂದ. ಅವನಿಗೆ ಬೇಕಾದದ್ದು ಕಾರಲ್ಲ, ಅಳತೆ. ಮೊದಲು ಇಬ್ಬರ ಸಂಸಾರವೂ ಒಂದೇ ಟೆಂಪೋದಲ್ಲಿ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿತ್ತಂತೆ. ಎರಡು ಕಾರು ಬಂದ ವರ್ಷ ಜಾತ್ರೆಗೆ ಇಬ್ಬರೂ ಹೋದರು, ಬೇರೆ ಬೇರೆ ದಿನ.

ಲೆಕ್ಕದವನಾದ್ದರಿಂದ ಒಂದು ಲೆಕ್ಕ ಹೇಳಿಬಿಡುತ್ತೇನೆ. 8 ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡ 9.5 ಬಡ್ಡಿ, 7 ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 13,000 ರೂಪಾಯಿ. ಮುಗಿಯುವ ಹೊತ್ತಿಗೆ ಕಟ್ಟಿರುವುದು ಹತ್ತಿರ ಹತ್ತಿರ 11 ಲಕ್ಷ. ಇದು ಪಾಸ್‌ಬುಕ್ಕಿನಲ್ಲಿ ಕಾಣುವ ಲೆಕ್ಕ. ಕಾಣದ ಲೆಕ್ಕ ಇನ್ನೊಂದಿದೆ. ಆ 13,000 ಎಲ್ಲಿಂದ ಬರಬೇಕು? ಓವರ್‌ಟೈಮಿನಿಂದ, ಎರಡನೇ ಪಾಳಿಯಿಂದ, ಭಾನುವಾರದ ಇನ್ನೊಂದು ಕೆಲಸದಿಂದ. ಮಗುವಿನ ಜೊತೆ ಕೆರೆ ಏರಿ ಮೇಲೆ ನಡೆಯಬೇಕಾದ ಸಂಜೆಯಿಂದ, ತಂಗಿಯ ಮನೆಯ ನಾಮಕರಣದಿಂದ ಅದು ಬರುತ್ತದೆ. ಕಂತು ಕಟ್ಟಲು ತಡವಾದವನು ಬೀದಿಯ ಮುಖ್ಯ ದಾರಿ ಬಿಟ್ಟು ಹಿತ್ತಿಲ ದಾರಿಯಲ್ಲಿ ಓಡಾಡುವುದನ್ನು ಕಂಡಿದ್ದೇನೆ. ಯಾರೂ ಅವನನ್ನು ಏನೂ ಕೇಳಿರುವುದಿಲ್ಲ. ಕೇಳಿಬಿಟ್ಟಾರು ಎನ್ನುವ ಭಯವೇ ಅವನನ್ನು ಒಂಟಿ ಮಾಡಿರುತ್ತದೆ.

ಇದು ನನ್ನೊಬ್ಬನ ಅನಿಸಿಕೆಯಾಗಿದ್ದರೆ ನಿಮ್ಮ ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಟಿಮ್ ಕ್ಯಾಸರ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 2002ರಲ್ಲಿ ಒಂದು ಪುಸ್ತಕ ಬರೆದರು. ಅವರು ನೋಡಿದ್ದು ಜನರ ಹತ್ತಿರ ಎಷ್ಟು ಹಣವಿದೆ ಎಂದಲ್ಲ, ಅವರ ಬದುಕಿನಲ್ಲಿ ಹಣಕ್ಕೆ, ತೋರಿಕೆಗೆ ಯಾವ ಜಾಗ ಇದೆ ಎಂದು. ಅವನ್ನು ನಡುಮನೆಯಲ್ಲಿ ಕೂರಿಸಿಕೊಂಡವರಲ್ಲಿ ನೆಮ್ಮದಿ ಕಡಿಮೆ, ಚಿಂತೆ ಹೆಚ್ಚು ಎಂದು ಕಂಡುಬಂತು. ಬಡವರಿಗೂ ಈ ಮಾತು ಅನ್ವಯಿಸುತ್ತದೆ, ಸಿರಿವಂತರಿಗೂ ಅನ್ವಯಿಸುತ್ತದೆ.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ನೆದರ್ಲೆಂಡ್ಸ್ ದೇಶದ ಒಂದು ಅಧ್ಯಯನ. ಟಿಲ್‌ಬರ್ಗ್ ವಿಶ್ವವಿದ್ಯಾಲಯದ ರಿಕ್ ಪೀಟರ್ಸ್ 2,500ಕ್ಕೂ ಹೆಚ್ಚು ಜನರನ್ನು ಆರು ವರ್ಷ ಗಮನಿಸಿ 2013ರಲ್ಲಿ ಪ್ರಕಟಿಸಿದರು. ವಸ್ತುಮೋಹ ಒಂಟಿತನವನ್ನು ತರುತ್ತದೆ, ಒಂಟಿತನ ಮತ್ತೆ ವಸ್ತುಮೋಹವನ್ನು ತರುತ್ತದೆ, ಗಾಣದೆತ್ತು ಸುತ್ತಿದ ಹಾಗೆ. ಇದರಲ್ಲಿ ಒಂಟಿತನದಿಂದ ವಸ್ತುಗಳ ಕಡೆಗೆ ಹೋಗುವ ಎಳೆತವೇ ಬಲವಾದದ್ದು ಎಂದು ಅವರಿಗೆ ಕಂಡಿತು. ಅವರು ಇನ್ನೊಂದು ಸೂಕ್ಷ್ಮ ವಿಷಯವನ್ನೂ ಹೇಳಿದ್ದಾರೆ. ಎಲ್ಲ ಕೊಳ್ಳುವಿಕೆಯೂ ಒಂದೇ ಅಲ್ಲ. ನಾನು ಗೆದ್ದೆ ಎಂದು ತೋರಿಸಲು ಕೊಳ್ಳುವುದು, ಮನಸ್ಸಿನ ಬೇಸರಕ್ಕೆ ಔಷಧಿ ಎಂದು ಕೊಳ್ಳುವುದು, ಇವೆರಡೂ ಒಂಟಿತನವನ್ನು ಹೆಚ್ಚಿಸಿದವು. ಸುಮ್ಮನೆ ಆ ವಸ್ತುವಿನ ಸಂತೋಷಕ್ಕಾಗಿ ಕೊಳ್ಳುವುದು ಹೆಚ್ಚಿಸಲಿಲ್ಲ, ಬದಲಿಗೆ ತಗ್ಗಿಸಿತು. ಹಬ್ಬಕ್ಕೆ ಹೊಸ ಬಟ್ಟೆ ತಂದು ಖುಷಿಪಡುವ ತಾಯಂದಿರು ಇಲ್ಲಿ ಯಾರೂ ತಪ್ಪಿತಸ್ಥರಂತೆ ಮುಖ ಮಾಡಬೇಕಾಗಿಲ್ಲ!

ಈ ಅಧ್ಯಯನ ಓದಿದಾಗ ನನಗೆ ನಗರದ ಶಾಖೆಯೊಂದರ ಗ್ರಾಹಕರು ನೆನಪಾದರು. ನಿವೃತ್ತ ನೌಕರರು, ಹೆಂಡತಿ ತೀರಿಕೊಂಡಿದ್ದರು. ಪಿಂಚಣಿಯ ಖಾತೆಯಲ್ಲಿ ಹಣ ನಿಲ್ಲುತ್ತಿಲ್ಲ, ಯಾರೋ ಮೋಸ ಮಾಡುತ್ತಿರಬೇಕು ಎಂದು ಮಗಳಿಗೆ ಅನುಮಾನ. ತಂದೆಯನ್ನೂ ಕರೆದುಕೊಂಡು ಬಂದಳು. ತೆಗೆದು ನೋಡಿದರೆ ಮೋಸವೇನಿಲ್ಲ. ವಾರಕ್ಕೆ ಮೂರು ನಾಲ್ಕು ಸಲ ಆನ್‌ಲೈನ್ ಖರೀದಿ. ಟಾರ್ಚು, ಚಾಕು, ಪೆನ್ ಸ್ಟ್ಯಾಂಡು, ಮತ್ತೊಂದು ಟಾರ್ಚು. ಮಗಳು ಆಚೆ ಹೋದಾಗ ಮೆಲ್ಲಗೆ ಕೇಳಿದೆ, "ಇಷ್ಟೆಲ್ಲ ಏನು ಮಾಡ್ತೀರಿ ಸಾರ್?" ಅವರು, "ಪಾರ್ಸೆಲ್ ಹುಡುಗ ಬರ್ತಾನಲ್ಲ, ಅಜ್ಜ ಚೆನ್ನಾಗಿದೀರಾ ಅಂತ ಕೇಳ್ತಾನೆ" ಎಂದರು. ಡಬ್ಬಗಳನ್ನು ಅವರು ಒಡೆದೇ ಇರಲಿಲ್ಲ.

ಅದು ನಗರದ ಕತೆ ಎಂದು ನಾವು ಸಮಾಧಾನಪಟ್ಟುಕೊಳ್ಳಬೇಡಿ. ಈಗ ನಮ್ಮ ಸುತ್ತಲಿನ ಊರುಗಳ ಮನೆಗಳನ್ನು ನೋಡಿ. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಇಲ್ಲಿ ಸೇರಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಜನ ಬೆಂಗಳೂರಿನಿಂದ, ಹೊರದೇಶದಿಂದ ಬಂದವರು. ಮಗ ಚೆನ್ನಾಗಿ ದುಡಿದು ಊರಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸುತ್ತಾನೆ. ಗ್ರಾನೈಟ್ ನೆಲ, ಮೇಲೆ ಮೂರು ಕೋಣೆ, ಕೋಣೆಗೊಂದು ಬಚ್ಚಲು, ಮುಂದೆ ದೊಡ್ಡ ಕಬ್ಬಿಣದ ಗೇಟು. ಹಳೆಯ ಮನೆಯ ಜಗಲಿ ಒಡೆದು ಆ ಗೇಟು ಬಂದಿರುತ್ತದೆ. ಗೃಹಪ್ರವೇಶಕ್ಕೆ ಊರೆಲ್ಲ ಉಣ್ಣುತ್ತದೆ. ಮೂರನೇ ದಿನಕ್ಕೆ ಕಾರುಗಳೆಲ್ಲ ಹೊರಟು, ಆ ಮನೆಯಲ್ಲಿ ಉಳಿಯುವುದು ಒಬ್ಬ ತಾಯಿ. ಆಕೆ ಮಲಗುವುದು ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ. ಮೊಣಕಾಲು ನೋವು, ಮೇಲಿನ ಅಂತಸ್ತನ್ನು ಹತ್ತಿ ನೋಡಿ ವರ್ಷವಾಗಿರುತ್ತದೆ. ಮೊದಲು ಜಗಲಿ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರೆ ದಾರಿಯಲ್ಲಿ ಹೋಗುವವರೆಲ್ಲ ನಿಂತು ಎರಡು ಕಾಯಿ ಸುಲಿದುಕೊಟ್ಟು ಹೋಗುತ್ತಿದ್ದರು. ಈಗ ಗೇಟು ಹಾಕಿದೆ, ಅದಕ್ಕೆ ನಾಯಿ ಇದೆ ಎಚ್ಚರಿಕೆ ಎಂದು ಬೋರ್ಡಿದೆ. ನಾಯಿ ಇಲ್ಲ, ಬೋರ್ಡು ಮಾತ್ರ.

ಪಕ್ಕದ ತಾಲ್ಲೂಕಿನ ಇಂಥದೊಂದು ಮನೆಗೆ ಹೋಗಿದ್ದೆ. ಮಗ ಅಮೆರಿಕದಲ್ಲಿ. ಅಮ್ಮನ ಕ್ಷೇಮಕ್ಕೆ ಎಂದು ಪಡಸಾಲೆಯಲ್ಲಿ ಕ್ಯಾಮೆರಾ ಹಾಕಿಸಿದ್ದಾನೆ. ಅಲ್ಲಿಂದಲೇ ಫೋನಿನಲ್ಲಿ ನೋಡುತ್ತಾನೆ. ಒಳ್ಳೆಯ ಮಗ, ಅದರಲ್ಲಿ ಎರಡು ಮಾತಿಲ್ಲ. ಆ ತಾಯಿ ರಾತ್ರಿ ಒಂಬತ್ತಕ್ಕೆ ಸೀರೆ ಸರಿಮಾಡಿಕೊಂಡು, ತಲೆ ಬಾಚಿಕೊಂಡು ಕ್ಯಾಮೆರಾದ ಎದುರಿನ ಕುರ್ಚಿಯಲ್ಲಿ ಅರ್ಧ ಗಂಟೆ ಕೂರುತ್ತಾರೆ. ಯಾಕವ್ವ ಎಂದು ಕೇಳಿದೆ. "ಅಲ್ಲಿ ಈಗ ಬೆಳಗಾಯ್ತದಂತೆ. ಎದ್ದೇಟಿಗೆ ನೋಡ್ತಾನೇನೋ ಅಂತ" ಎಂದರು. ಅವನು ಅವತ್ತು ನೋಡಿದನೋ ಇಲ್ಲವೋ ಆ ತಾಯಿಗೆ ತಿಳಿಯುವುದಿಲ್ಲ. ಕ್ಯಾಮೆರಾಕ್ಕೆ ಹೂಂಗುಟ್ಟಲು ಬರುವುದಿಲ್ಲವಲ್ಲ.

ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳ ಮೇಲೆ ದೂರು ಕೊಡಲು 2007ರ ಕಾಯಿದೆ ಇದೆ. ಉಪವಿಭಾಗಾಧಿಕಾರಿಯವರ ಅಧ್ಯಕ್ಷತೆಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಅನ್ನಕ್ಕೆ ಗತಿಯಿಲ್ಲದ ಹಿರಿಯರಿಗೆ ಅದು ದೊಡ್ಡ ಆಸರೆ, ಗೊತ್ತಿಲ್ಲದವರು ತಿಳಿದುಕೊಳ್ಳಿ. ಆದರೆ ನಾನು ಹೇಳುತ್ತಿರುವ ತಾಯಂದಿರಿಗೆ ಹಣದ ಕೊರತೆಯಿಲ್ಲ. ತಿಂಗಳ ಮೊದಲ ವಾರದಲ್ಲೇ ಖಾತೆಗೆ ಬರುತ್ತದೆ. ವಾರಕ್ಕೊಮ್ಮೆ ಬಂದು ಪಕ್ಕದಲ್ಲಿ ಕೂತು ಮುದ್ದೆ ಉಣ್ಣು ಎಂದು ಯಾವ ನ್ಯಾಯಮಂಡಳಿ ಆದೇಶ ಕೊಡಲು ಸಾಧ್ಯ?

ಮದುವೆಯ ವಿಷಯ ಎತ್ತದೆ ಮುಂದೆ ಹೋದರೆ ಬ್ಯಾಂಕಿನವನು ಜಾರಿಕೊಂಡ ಎನ್ನುತ್ತೀರಿ. ಮನೆ ಮುಂದೆ ಚಪ್ಪರ ಹಾಕುವಾಗ ತೆಂಗಿನ ಗರಿ ತರುವವನು ಒಬ್ಬ, ಹೆಣೆಯುವವನು ಒಬ್ಬ, ತರಕಾರಿ ಹೆಚ್ಚಲು ಬೀದಿಯ ಹೆಂಗಸರೆಲ್ಲ. ಈಗ ಎಲ್ಲವನ್ನೂ ಗುತ್ತಿಗೆಗೆ ಕೊಟ್ಟು ನೆಂಟರು ಅತಿಥಿಗಳಾದರು. ಫೋಟೋ ತೆಗೆಸಿಕೊಂಡು, ಉಂಡು, ಮುಯ್ಯಿ ಬರೆಸಿ ಹೋಗುತ್ತಾರೆ. ಕುವೆಂಪು ಅವರು ಮಂತ್ರಮಾಂಗಲ್ಯವನ್ನು ರೂಪಿಸಿ 1966ರಲ್ಲಿ ಸ್ವಂತ ಮಗ ತೇಜಸ್ವಿಯವರ ಮದುವೆಯನ್ನೇ ಆ ರೀತಿ ಮಾಡಿದರು. ಮುಂದೆ ರೈತ ಸಂಘದವರು ಪ್ರೊ. ನಂಜುಂಡಸ್ವಾಮಿಯವರ ಕಾಲದಲ್ಲಿ ಸರಳ ಮದುವೆಗಳನ್ನು ಊರೂರಿಗೆ ತಂದರು. ಅಂಥ ಮದುವೆಗೆ ಹೋಗಿ ಬಂದವರೇ ಈಗ ಮೊಮ್ಮಕ್ಕಳ ಮದುವೆಗೆ ಜಮೀನಿನ ಪತ್ರ ಹಿಡಿದು ಬ್ಯಾಂಕಿಗೆ ಬರುತ್ತಿದ್ದರು. ನಾನು ಇದಕ್ಕಿಂತ ಹೆಚ್ಚು ಹೇಳಿದರೆ ಮುಂದಿನ ತಿಂಗಳ ಮೂರು ಮದುವೆಗಳಿಗೆ ನನಗೆ ಕರೆಯೋಲೆ ಸಿಗಲಿಕ್ಕಿಲ್ಲ.

ಒಂಟಿತನ ಈಗ ವೈದ್ಯರ ಚಿಂತೆಯೂ ಆಗಿದೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆ ನೋಡಿಕೊಳ್ಳಲು ಮಂತ್ರಿಗಳನ್ನೇ ನೇಮಿಸಿದವು. ಸಿರಿವಂತ ದೇಶಗಳು ಎನ್ನುವುದನ್ನು ಗಮನಿಸಿ. ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿ 2023ರಲ್ಲಿ ಒಂಟಿತನದ ಪಿಡುಗಿನ ಬಗ್ಗೆ ದೇಶಕ್ಕೇ ಎಚ್ಚರಿಕೆ ಕೊಟ್ಟರು. ಜನರ ಒಡನಾಟವಿಲ್ಲದೆ ಬದುಕುವುದು ದಿನಕ್ಕೆ 15 ಸಿಗರೇಟು ಸೇದುವಷ್ಟೇ ಅಪಾಯ ತರಬಲ್ಲದು ಎಂಬ ಹೋಲಿಕೆ ಆ ವರದಿಯಲ್ಲಿದೆ. ಅವರ ಮನೆತನದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಅವರು ಸಹ ಅಧ್ಯಕ್ಷರಾಗಿದ್ದ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ವರದಿ ಕೊಟ್ಟಿದೆ. ಪ್ರಪಂಚದ ಆರು ಜನರಲ್ಲಿ ಒಬ್ಬರಿಗೆ ಒಂಟಿತನದ ಬಾಧೆ ಇದೆಯಂತೆ. ಹಾರ್ವರ್ಡ್ ವಿಶ್ವವಿದ್ಯಾಲಯದವರು 1938ರಲ್ಲಿ ಶುರುಮಾಡಿ 724 ಜನರ ಬದುಕನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. 50ನೇ ವಯಸ್ಸಿನಲ್ಲಿ ತಮ್ಮವರ ಜೊತೆ ಚೆನ್ನಾಗಿದ್ದವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂದು ಅದರಲ್ಲಿ ಕಂಡುಬಂತು. ಕೊಲೆಸ್ಟ್ರಾಲ್ ನೋಡಿ ಹೇಳುವುದಕ್ಕಿಂತ ಸಂಬಂಧ ನೋಡಿ ಹೇಳಿದ ಭವಿಷ್ಯವೇ ಹೆಚ್ಚು ಸರಿಹೋಯಿತಂತೆ. ನಮ್ಮ ತಂಡದವರಿಗೆಲ್ಲ ಐವತ್ತು ದಾಟಿ ಕಾಲವಾಯಿತು. ಆದರೂ ಪರೀಕ್ಷೆ ಇನ್ನೂ ಮುಗಿದಿಲ್ಲ.

ಮಕ್ಕಳಿಗೆ ಮೊಬೈಲ್ ಬಗ್ಗೆ ಬುದ್ಧಿ ಹೇಳಬೇಕೆಂದು ಯಾರೋ ಚೀಟಿ ಕಳಿಸಿದ್ದಾರೆ. ಹೇಳುವುದಿಲ್ಲ. ಅಪ್ಪಂದಿರ ಕೈಯಲ್ಲೂ ಅದೇ ಇದೆ.

ಕೊನೆಯದಾಗಿ ಒಂದು ಕೆಲಸದ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ರಸ್ತೆಯ ಬದಿಯಲ್ಲಿ ದೊಡ್ಡ ಸ್ವಾಗತ ಕಮಾನು ಕಟ್ಟಬೇಕು, ದಾನಿಗಳ ಹೆಸರನ್ನು ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಬೇಕು, ಹೆಚ್ಚು ಕೊಟ್ಟವರ ಹೆಸರು ಮೇಲೆ, ದಪ್ಪ ಅಕ್ಷರದಲ್ಲಿ ಬರಬೇಕು ಎಂದು ಸಮಿತಿಯಲ್ಲಿ ಮಾತು ನಡೆದಿದೆ. ನನ್ನ ಪಾಲು ಕೊಡುತ್ತೇನೆ, ಹಿಂದೆ ಸರಿಯುವುದಿಲ್ಲ. ಆದರೆ ಮೇಲೆ ಯಾರು, ಕೆಳಗೆ ಯಾರು ಎಂದು ನಮ್ಮ ನಮ್ಮಲ್ಲೇ ಈಗಾಗಲೇ ಎರಡು ಜಗಳವಾಗಿದೆ ಎಂದು ಕೇಳಿದೆ. ಹೆಚ್ಚು ಕೊಡಲಾಗದ ನನ್ನ ಬೆಂಚಿನ ಗೆಳೆಯನೊಬ್ಬ ಅದೇ ಕಾರಣಕ್ಕೆ ಇವತ್ತು ಬಂದಿಲ್ಲ. ಬೆಳಿಗ್ಗೆ ಅವನ ಮನೆಗೆ ಹೋಗಿ ಕರೆದೆ. "ನೀವೆಲ್ಲ ದೊಡ್ಡೋರು, ಹೋಗ್ಬನ್ನಿ" ಎಂದ. ಐವತ್ತು ವರ್ಷದ ಹಿಂದೆ ನನಗೆ ಕೈವಾರ ಕೊಡುತ್ತಿದ್ದವನು ಅವನು.

ಅದಕ್ಕೆ ನನ್ನದೊಂದು ಸೂಚನೆ. ಶಾಲೆಯ ಮುಂದಿನ ಬೇವಿನ ಮರದ ಸುತ್ತ, ಬೀದಿಯ ಕಡೆ ಮುಖ ಮಾಡಿ, ಒಂದು ಉದ್ದನೆಯ ಕಲ್ಲು ಜಗಲಿ ಕಟ್ಟೋಣ. ಗೇಟಿನ ಹೊರಗೆ. ಮೇಲೊಂದು ಹೆಂಚಿನ ಮಾಡು, ಕುಡಿಯಲು ನೀರು, ವಯಸ್ಸಾದವರು ಹಿಡಿದು ಏಳಲು ಒಂದು ಕಂಬಿ. ಯಾರ ಹೆಸರೂ ಬೇಡ. ಎಲ್ಲ ಕೇರಿಯವರೂ ಕೂರುವ ಜಾಗವಾಗಬೇಕು, ಹಳೆಯ ಬಾವಿಕಟ್ಟೆಯ ಹಾಗಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಅಲ್ಲಿ ಕೂತು ದಿನಪತ್ರಿಕೆ ಗಟ್ಟಿಯಾಗಿ ಓದಲಿ, ಕಣ್ಣು ಮಂಜಾದ ಅಜ್ಜ ಅಜ್ಜಿಯರು ಕೇಳಲಿ. ಕಮಾನಿಗೆ ಅಂದಾಜು ಮಾಡಿರುವ ಹಣದಲ್ಲಿ ಕಾಲು ಭಾಗ ಸಾಕು, ಲೆಕ್ಕ ಹಾಕಿದ್ದೇನೆ. ಸಮಿತಿ ಸಭೆ ನಾಳೆ ಹತ್ತು ಗಂಟೆಗೆ ಇದೆ. ಒಪ್ಪುವವರೂ ಬನ್ನಿ, ಕಮಾನೇ ಬೇಕು ಎನ್ನುವವರೂ ಬನ್ನಿ. ನನ್ನ ಗೆಳೆಯನನ್ನು ಕರೆತರಲು ಒಂಬತ್ತು ಗಂಟೆಗೆ ಮತ್ತೆ ಅವನ ಮನೆಗೆ ಹೋಗುತ್ತೇನೆ, ನಮ್ಮ ತಂಡದವರು ಯಾರಾದರೂ ಜೊತೆಗೆ ಬಂದರೆ ಅವನು ಇಲ್ಲ ಎನ್ನಲಾರ.

ಮಕ್ಕಳೇ, ಎಲೆ ಹಾಕುತ್ತಿದ್ದಾರೆ, ಏಳಿ.